ಮಂಗಳವಾರದ ಕರೆ, ಮೂವತ್ತೆಂಟು ನಿಮಿಷ

ಆರ್ಲಿಂಗ್ಟನ್ನಿನ ನೆಲಮಾಳಿಗೆಯಲ್ಲಿ ನನ್ನ ಕೆಲಸ ಇಷ್ಟೇ:
ಕಿವಿಗೆ ಬಿದ್ದದ್ದನ್ನು ಬೆರಳಿಗೆ ಇಳಿಸುವುದು.
ಮೇಜಿನ ಕೆಳಗೊಂದು ಪೆಡಲ್ ಇದೆ,
ಎಡಗಾಲಲ್ಲಿ ಒತ್ತಿದರೆ
ಯುದ್ಧ ಐದು ಸೆಕೆಂಡು ಹಿಂದಕ್ಕೆ ಬರುತ್ತದೆ.
ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಇವತ್ತು ಫೋನಿನಲ್ಲಿ ಆರು ಜನ,
ಎಲ್ಲರೂ ಯುದ್ಧದ ಬಗ್ಗೆ ಬರೆಯುವವರು, ಯಾರಿಗೂ ಸಂಬಳವಿಲ್ಲ.
ಒಂದು ಕಾಲಕ್ಕೆ ಟ್ಯಾಂಕಿನ ಚೈನು ಬಿಗಿಯುತ್ತಿದ್ದ ಹ್ರುಸ್ಕಾ,
ನೆಬ್ರಾಸ್ಕಾದ ತನ್ನ ಗ್ಯಾರೇಜಿನಿಂದ;
ಅವನ ಬೆನ್ನ ಹಿಂದೆ ಕಂಪ್ರೆಸರ್ ಆಗಾಗ ಏದುಸಿರು ಬಿಡುತ್ತದೆ.
ಒಬ್ಬ ವಕೀಲ, ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುವವನು.
ಇನ್ನು ಮೂವರು, ದನಿಯಿಂದ ಗೊತ್ತು, ಹೆಸರು ಮರೆಯುತ್ತೇನೆ.
ಮಿನೆಸೋಟಾದಿಂದ ಮಾರ್ಲಿಸ್ ತ್ವೆಟ್:
ಮಗ ಆ ಕಡೆ ಇದ್ದಾನೆಂದು ಎಂದೂ ಬಾಯಿ ಬಿಟ್ಟಿಲ್ಲ,
ಪ್ರತಿ ಸಲ ಹವಾಮಾನ ಕೇಳುತ್ತಾಳೆ, ಅಷ್ಟೇ.

ಆ ತುದಿಯಲ್ಲಿ ಕರ್ನಲ್ ಬ್ರೂಬೇಕರ್.
ಉಪಗ್ರಹ ಹತ್ತಿ ಇಳಿದು ಬರುವಷ್ಟರಲ್ಲಿ
ಅವರ ಮಾತಿಗೆ ಎರಡು ಸೆಕೆಂಡು ವಯಸ್ಸಾಗಿರುತ್ತದೆ.
ಹಾಗಾಗಿ ಎಲ್ಲರೂ ಎಲ್ಲರ ಮಾತು ತುಳಿಯುತ್ತಾರೆ,
‘ಕ್ಷಮಿಸಿ, ನೀವು ಹೇಳಿ’, ‘ಇಲ್ಲ ಇಲ್ಲ, ನೀವೇ’,
ಕಿರಿದಾದ ಬಾಗಿಲಲ್ಲಿ ಎದುರಾದ ಸಭ್ಯರ ಹಾಗೆ.

ಕರ್ನಲ್ ಅಂಕಿ ಕೊಡುತ್ತಾರೆ.
ಹನ್ನೊಂದು ಕಿಲೋಮೀಟರ್ ರಸ್ತೆ, ನಾಲ್ಕು ಶಾಲೆ,
ಬಾವಿ ಇಪ್ಪತ್ತಾರು, ಅದರಲ್ಲಿ ನೀರು ಬಿದ್ದಿರುವುದು...
‘ಅದನ್ನು ಆಮೇಲೆ ತಿಳಿಸುತ್ತೇನೆ.’
ಆಮೇಲೆ, ಎಂದು ಟೈಪು ಮಾಡುತ್ತೇನೆ.

ಹ್ರುಸ್ಕಾ ಕೇಳಿದ: ‘ಸರ್, ಹೋದ ವರ್ಷವೂ ಇದೇ ಕಣಿವೆ,
ಇದೇ ರಸ್ತೆ. ನಿಮಗಿಂತ ಮುಂಚೆ ಇದ್ದವರು
ಇದು ದೊಡ್ಡ ತಿರುವು ಅಂದಿದ್ದರು.
ಇನ್ನೆಷ್ಟು ತಿರುಗಿದರೆ ಹೊರಟಲ್ಲಿಗೇ ಬಂದು ಮುಟ್ಟುತ್ತೇವೆ?’
ಯಾರೋ ನಕ್ಕರು. ನಗು ಬರೆಯುವಂತಿಲ್ಲ, ನಿಯಮ ಏಳು.
ಕರ್ನಲ್ ನಗಲಿಲ್ಲವೋ, ನಕ್ಕದ್ದು ಇನ್ನೂ ದಾರಿಯಲ್ಲಿತ್ತೋ.
‘ಒಳ್ಳೆಯ ಪ್ರಶ್ನೆ,’ ಅಂದರು.
ಇಲ್ಲಿ ಕೂತು ಆರು ವರ್ಷ ಆಯಿತು,
ಒಳ್ಳೆಯ ಪ್ರಶ್ನೆಗೆ ಅದೊಂದೇ ಉತ್ತರ ಕೇಳಿದ್ದೇನೆ.

ಇಪ್ಪತ್ತೊಂಬತ್ತನೇ ನಿಮಿಷ, ಮಾರ್ಲಿಸ್ ಸರದಿ.
‘ಅಲ್ಲಿ ಹಿಮ ಬಿತ್ತಾ, ಕರ್ನಲ್?’
ಒಂದು. ಎರಡು.
ಮೂರು.
ದೂರದಲ್ಲಿ ದೊಪ್ಪನೆ ಏನೋ.
‘ಬಾಗಿಲು,’ ಅಂದರು ಕರ್ನಲ್, ಯಾರೂ ಕೇಳುವ ಮೊದಲೇ.
ನಾಲ್ಕು.
‘ನಿನ್ನೆ ರಾತ್ರಿ ಬಿತ್ತು, ಮೇಡಂ. ಮೇಲಿನ ಠಾಣೆಯಲ್ಲಿ ಜಾಸ್ತಿ.
ಅಲ್ಲಿನ ಹುಡುಗರಿಗೆ ಹೊಸ ಬೂಟು ಹೋಗಿದೆ.
ಬೆಳಿಗ್ಗೆ ನಾನೇ ಹತ್ತಿ ನೋಡಿ ಬಂದೆ.
ಎಲ್ಲರೂ ಇದ್ದಾರೆ.’

ಬೂಟಿನ ಮಾತು ಯಾರೂ ಎತ್ತಿರಲಿಲ್ಲ.

ಪೆಡಲ್ ಒತ್ತಿದೆ. ಮತ್ತೆ ಹಿಮ, ಮತ್ತೆ ಸದ್ದು.
ಇನ್ನೊಮ್ಮೆ.
ಯಾವ ಬಾಗಿಲೂ ನೆಲವನ್ನು ಹಾಗೆ ಅಲುಗಿಸುವುದಿಲ್ಲ;
ಅವರ ಮೇಜಿನ ಮೇಲೆ ಲೋಟದೊಳಗಿನ ಚಮಚ
ಕಿಣಿಕಿಣಿ ಅಂದದ್ದು ನನ್ನ ಎಡಗಿವಿಯಲ್ಲಿದೆ.
ಅದಾದ ಮೇಲೆ, ‘ಬೂಟು’ ಮತ್ತು ‘ಹೋಗಿದೆ’ ನಡುವೆ,
ಮಿನೆಸೋಟಾದ ಕಡೆಯಿಂದ, ಇನ್ನೂ ಸಣ್ಣದು,
ಹಿಡಿದಿಟ್ಟ ಉಸಿರನ್ನು ಮೂಗಿನಲ್ಲಿ ಮೆಲ್ಲಗೆ ಬಿಟ್ಟದ್ದು.

ಸದ್ದು ಇದ್ದ ಜಾಗದಲ್ಲಿ ‘ಅಸ್ಪಷ್ಟ’ ಎಂದು ಹಾಕಿದೆ.
ಉಸಿರು ಇದ್ದ ಜಾಗದಲ್ಲಿ ಏನೂ ಹಾಕಲಿಲ್ಲ.
ಬಾಗಿಲನ್ನು ಬಾಗಿಲೆಂದೇ ಬರೆದೆ, ಅವರು ಹಾಗೆ ಅಂದದ್ದರಿಂದ,
ಅವಳು ನಂಬಿದ್ದರೆ ನಂಬಿಕೊಳ್ಳಲಿ ಅಂತಲೂ.

ವಕೀಲನ ಪ್ರಶ್ನೆ ಒಂದೂವರೆ ಪುಟ.

ರಾತ್ರಿ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡೆ.
ತೆಗೆದು ಇನ್ನೊಮ್ಮೆ, ಜೋರಾಗಿ.
ಇಲ್ಲ.
ಪೊಟೋಮ್ಯಾಕ್ ಸೇತುವೆಯ ಮೇಲೆ ಕೆಂಪು ದೀಪಗಳ ಸಾಲು ನಿಂತಿತ್ತು.
ಎಡಗಾಲು ತಾನಾಗಿ ಕೆಳಗೆ ತಡಕಾಡಿ
ಏನನ್ನೋ ಒತ್ತಲು ನೋಡಿತು.
ಈ ಗಾಡಿಯಲ್ಲಿ ಎಡಗಾಲಿಗೆ ಕೆಲಸವಿಲ್ಲ.